ಬಸವ ಎಂಬ ಹೆಸರಿನ ಎಂಟು ನೂರು ವರ್ಷ

(ಊರಿನ ಗ್ರಂಥಾಲಯದ ಸಭಾಭವನದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

34 ವರ್ಷಗಳ ಕಾಲ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿದ ನನಗೆ ಹೆಸರುಗಳಿಗೂ ಒಂದು ಚರಿತ್ರೆ ಇರುತ್ತದೆ ಎಂಬುದು ಮೊದಲು ಹೊಳೆದದ್ದು ಹಾಜರಿ ಪುಸ್ತಕದ ಮುಂದೆ. ನಾನು ಕೆಲಸಕ್ಕೆ ಸೇರಿದ ವರ್ಷ ಎಂಟನೆಯ ತರಗತಿಯ ಒಂದೇ ವಿಭಾಗದಲ್ಲಿ ಐದು ಮಂದಿ ಬಸವರಾಜರಿದ್ದರು. ಬರಿಯ ಹೆಸರು ಕೂಗಿದರೆ ಐದು ಮೂಲೆಗಳಿಂದ 'ಹಾಜರ್ ಸರ್' ಎಂಬ ದನಿ ಒಟ್ಟಿಗೇ ಏಳುತ್ತಿದ್ದುದರಿಂದ ಅಂಗಡಿ, ಬಡಿಗೇರ, ಹೂಗಾರ, ಕುಂಬಾರ, ಮೆಣಸಿನಕಾಯಿ ಎಂದು ಮನೆತನದ ಅಡ್ಡಹೆಸರು ಹಿಡಿದೇ ಕರೆಯಬೇಕಾಗುತ್ತಿತ್ತು. ನಿವೃತ್ತಿಯ ವರ್ಷ ಅದೇ ತರಗತಿಯ ಪುಸ್ತಕವನ್ನು ತೆರೆದಾಗ ವಿದ್ಯಾರ್ಥಿಗಳ ಅಂಕಣದಲ್ಲಿ ಬಸವರಾಜ ಎಂಬ ಹೆಸರು ಒಂದೂ ಇರಲಿಲ್ಲ. ತಂದೆಯ ಹೆಸರು ಬರೆಯುವ ಅಂಕಣದಲ್ಲಿ ಮಾತ್ರ ಅದು ಏಳು ಕಡೆ ಇತ್ತು. ಒಂದು ತಲೆಮಾರಿನಲ್ಲಿ ಹೆಸರು ಒಂದು ಅಂಕಣದಷ್ಟು ಸರಿದುಹೋಗಿತ್ತು.

ನನ್ನ ಹೆಸರೂ ಅದೇ. ನಾನು ಹುಟ್ಟುವ ಹಿಂದಿನ ವರ್ಷ ತೀರಿಕೊಂಡ ಅಜ್ಜನ ಹೆಸರು ಬಸಪ್ಪ. ಆ ಹೆಸರು ಮನೆಯಲ್ಲಿ ಉಳಿಯಬೇಕೆಂದು ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಕಿವಿಯಲ್ಲಿ ಬಸವರಾಜ ಎಂದು ಉಸುರಿದಳು. ಆದರೆ ಗಂಡನ ತಂದೆಯ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳಬಾರದು ಎಂಬ ಕಟ್ಟುಪಾಡು ಆಗ ಬಿಗಿಯಾಗಿದ್ದುದರಿಂದ ನನ್ನ ಅವ್ವ ತನ್ನ ಮಗನನ್ನೇ ಆ ಹೆಸರಿನಿಂದ ಕರೆಯುವಂತಿರಲಿಲ್ಲ. 'ತಮ್ಮಾ' ಎಂದೋ 'ಅಪ್ಪೂ' ಎಂದೋ ಕರೆದು ಕರೆದೇ ಆಕೆ ತನ್ನ ಬಾಳು ಮುಗಿಸಿದಳು. ಜನಗಣತಿಯವರು ಬಂದಾಗ ಮಗನ ಹೆಸರೇನೆಂದು ಕೇಳಿದರೆ ನಕ್ಕು ಪಕ್ಕದ ಮನೆಯವರತ್ತ ಕೈ ತೋರಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೀಗೆ ಮನೆಯೊಳಗೆ ಉಚ್ಚರಿಸದೆ, ಮನೆಯ ಹೊರಗೆ ಊರೆಲ್ಲ ಕೂಗುತ್ತಿದ್ದ ಈ ಹೆಸರು ಎಲ್ಲಿಂದ ಬಂತು, ಏಕೆ ಇಷ್ಟು ಹಬ್ಬಿತು, ಈಗ ಯಾವ ಕಡೆಗೆ ಹೊರಟಿದೆ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುವುದಷ್ಟೇ ಇಂದಿನ ಉದ್ದೇಶ.

ಮೊದಲು ಪದದ ಮಾತು. ಬಸವ ಎಂಬುದು ಸಂಸ್ಕೃತದ 'ವೃಷಭ' ಶಬ್ದದ ತದ್ಭವ. ಅರ್ಥ ಎತ್ತು, ಗೂಳಿ. ವೃಷಭ ಎಂಬುದು ಪ್ರಾಕೃತದಲ್ಲಿ 'ವಸಹ' ಎಂದಾಯಿತು. ಕನ್ನಡಕ್ಕೆ ಬಂದಾಗ ಮೊದಲಿನ ವಕಾರ ಬಕಾರವಾಯಿತು, ಕೊನೆಯ ಹಕಾರ ಸವೆದು ಅದರ ಜಾಗದಲ್ಲಿ ವಕಾರ ನಿಂತಿತು. ವಕಾರ ಬಕಾರವಾಗುವುದು ನಮ್ಮ ಭಾಷೆಯ ಹಳೆಯ ರೂಢಿ. ವನ ಬನವಾದದ್ದು, ವರ್ಣ ಬಣ್ಣವಾದದ್ದು, ವೀರ ಬೀರನಾದದ್ದು, ವಸತಿ ಬಸದಿಯಾದದ್ದು ಇದೇ ದಾರಿಯಲ್ಲಿ. 13ನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂತಹ ಮಾರ್ಪಾಡುಗಳಿಗೆಂದೇ ಅಪಭ್ರಂಶ ಪ್ರಕರಣವೊಂದನ್ನು ಬರೆದಿದ್ದಾನೆ. ತರಗತಿಯಲ್ಲಿ ತತ್ಸಮ ತದ್ಭವ ಹೇಳಿಕೊಡುವಾಗ ಬಸದಿ ಮತ್ತು ಬಸವ ಎಂಬ ಎರಡು ಪದಗಳನ್ನು ನಾನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತಿದ್ದೆ. ಒಂದು ಜೈನರ ಗುಡಿಯ ಹೆಸರು, ಇನ್ನೊಂದು ಶಿವನ ವಾಹನದ ಹೆಸರು. ಆದರೆ ಎರಡೂ ಪ್ರಾಕೃತದ ಒಂದೇ ಓಣಿಯಲ್ಲಿ ನಡೆದು ಕನ್ನಡದ ಬಾಗಿಲಿಗೆ ಬಂದವು.

ವೃಷ್ ಎಂಬ ಧಾತುವಿಗೆ ಮಳೆಗರೆ, ಸುರಿಸು ಎಂಬ ಅರ್ಥವಿದೆ. ವರ್ಷ, ವೃಷ್ಟಿ ಎಂಬ ಪದಗಳನ್ನು ನೆನೆಯಬಹುದು. ಕೊನೆಯ 'ಭ' ಪ್ರಾಣಿಗಳ ಹೆಸರಿನಲ್ಲಿ ಬರುವ ಪ್ರತ್ಯಯ: ಗರ್ದಭ, ಶರಭ, ಕರಭ, ಋಷಭ. ನೆಲಕ್ಕೆ ಮಳೆ ಹೇಗೋ ಹಿಂಡಿಗೆ ಗೂಳಿ ಹಾಗೆ ಎಂಬ ಹಳೆಯ ಒಕ್ಕಲುತನದ ತಿಳಿವಳಿಕೆ ಈ ಪದದೊಳಗಿದೆ. ಇದೇ ಪದ ಪಾಲಿಯಲ್ಲಿ 'ವಸಭ' ಎಂದಾಗಿ, ಸಿಂಹಳದ ಅನುರಾಧಪುರವನ್ನು ಕ್ರಿಸ್ತಶಕ ಮೊದಲ ಶತಮಾನದ ಕೊನೆಯ ಹೊತ್ತಿಗೆ ಆಳಿದ ಒಬ್ಬ ಅರಸನ ಹೆಸರಾಗಿತ್ತು. ವಸಭ ಮತ್ತು ಬಸವ ಎಂಬ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ಒಮ್ಮೆ ಉಚ್ಚರಿಸಿ ನೋಡಿ. ಕಡಲಾಚೆಯ ಬೌದ್ಧ ಅರಸನೂ ನಮ್ಮೂರಿನ ಬಸ್ಯಾನೂ ಹೆಸರಿನಲ್ಲಿ ದಾಯಾದಿಗಳು.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವ ಮಾತು ಇಲ್ಲಿದೆ. ನಮ್ಮ ಹೆಚ್ಚಿನ ಹೆಸರುಗಳ ಅರ್ಥವನ್ನು ಕೇಳಿ ತಿಳಿಯಬೇಕು; ಸುರೇಶ, ಮಹೇಶ, ಪ್ರಕಾಶ ಎಂದು ಕರೆಯುವಾಗ ಯಾರ ಕಣ್ಣ ಮುಂದೆಯೂ ಒಂದು ವಸ್ತು ಬಂದು ನಿಲ್ಲುವುದಿಲ್ಲ. ಬಸವ ಎಂಬ ಹೆಸರು ಹಾಗಲ್ಲ. ಅದು ವ್ಯಕ್ತಿಯ ಹೆಸರಾದ ಮೇಲೂ ತನ್ನ ಮೊದಲಿನ ಅರ್ಥವನ್ನು ಬಿಡಲಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಹೋರಿ ಊರಿನ ಬಸವ. ಯಾರ ಹೊಲಕ್ಕೆ ನುಗ್ಗಿದರೂ ಅದನ್ನು ಹೊಡೆಯುವಂತಿಲ್ಲ. ಬೆನ್ನ ಮೇಲೆ ಬಣ್ಣದ ಕೌದಿ ಹೊದಿಸಿ, ಕೊಂಬಿಗೆ ಗೊಂಡೆ ಕಟ್ಟಿ, ಮನೆ ಬಾಗಿಲಿಗೆ ತಂದು 'ಈ ಮನೆಗೆ ಒಳ್ಳೆಯದಾಗುತ್ತದೆಯೇ' ಎಂದು ಕೇಳಿದರೆ ತಲೆಯಾಡಿಸುವುದು ಕೋಲೆ ಬಸವ. ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ಕಾಲಭೈರವೇಶ್ವರನ ಹೆಸರಿನ ಬಸವನ ಮುಂದೆ ಜನರು ತಮ್ಮ ಕಷ್ಟ ಹೇಳಿಕೊಂಡು ನಿಲ್ಲುತ್ತಾರೆ. ಆ ಹೋರಿಯನ್ನು ಅವರು ಕರೆಯುವುದು ಬಸಪ್ಪ ಎಂದೇ, ನನ್ನ ಅಜ್ಜನನ್ನು ಊರವರು ಕರೆದಂತೆ. ಮಳೆಗಾಲದಲ್ಲಿ ಚಿಪ್ಪನ್ನು ಹಿಣಿಲಿನಂತೆ ಹೊತ್ತು ತೆವಳುವ ಹುಳು ಬಸವನಹುಳು. ಗೊರಸಿನಂತೆ ನಡುವೆ ಸೀಳಿದ ಎಲೆಯ ಮರ ಬಸವನಪಾದ. ಬೆಂಗಳೂರಿನ ಬಸವನಗುಡಿ ಎಂಬ ಇಡೀ ಬಡಾವಣೆಗೆ ಹೆಸರು ಬಂದದ್ದು ಅಲ್ಲಿನ ದೊಡ್ಡ ಕಲ್ಲಿನ ಬಸವನಿಂದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಂದಿಗೂ ಅದರ ಸುತ್ತ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಇಷ್ಟೆಲ್ಲ ಕಡೆ ಪದ ಜೀವಂತವಾಗಿದ್ದ ಕಾರಣ, ಮಗುವಿಗೆ ಬಸವ ಎಂದು ಹೆಸರಿಟ್ಟಾಗ ಅರ್ಥವನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ಆದರೆ ಎತ್ತು ಎಂಬ ಅರ್ಥ ಒಂದರಿಂದಲೇ ಒಂದು ಹೆಸರು ನಾಡನ್ನು ತುಂಬುವುದಿಲ್ಲ. ಹಾಗಿದ್ದರೆ ಆನೆಗೂ ಹುಲಿಗೂ ಆ ಭಾಗ್ಯ ಬರಬೇಕಿತ್ತು. ಈ ಹೆಸರಿಗೆ ಮಾನ ತಂದುಕೊಟ್ಟವರು 12ನೆಯ ಶತಮಾನದ ಬಸವಣ್ಣನವರು. ಬಾಗೇವಾಡಿಯ ಬ್ರಾಹ್ಮಣ ಕುಟುಂಬದ ಮಾದರಸ ಮತ್ತು ಮಾದಲಾಂಬೆಯರ ಮಗ, ಕಲಚುರಿ ಬಿಜ್ಜಳನ ಕಲ್ಯಾಣದಲ್ಲಿ ಭಂಡಾರಿ, ವಚನಕಾರ, ಹುಟ್ಟಿನ ಮೇಲುಕೀಳನ್ನು ಒಪ್ಪದೆ ಕಾಯಕ ಮಾಡುವವರನ್ನೆಲ್ಲ ಒಟ್ಟಿಗೆ ಕೂರಿಸಿದ ಶರಣ. ತಾಯಿ ನಂದಿಯನ್ನು ಪೂಜಿಸಿ ಹೆತ್ತ ಮಗನಾದ್ದರಿಂದ ಆ ಹೆಸರು ಬಂತೆಂದು ಪುರಾಣಗಳು ಹೇಳುತ್ತವೆ, ಅವರನ್ನು ನಂದಿಯ ಅವತಾರವೆಂದೇ ಹಾಡುತ್ತವೆ. ಅವತಾರದ ಮಾತನ್ನು ಭಕ್ತಿಗೆ ಬಿಟ್ಟರೂ, ಮಗುವಿಗೆ ಮನೆಯವರು ನಂಬಿದ ನಂದಿಯ ಹೆಸರಿಟ್ಟರು ಎಂಬುದು ಸಹಜವಾಗಿಯೇ ಇದೆ. ಹೆಸರು ಅವರಿಗಿಂತ ಹಳೆಯದು. ಮನ್ನಣೆ ಅವರಿಂದ ಬಂದದ್ದು.

ಇಲ್ಲಿ ಒಂದು ಶಾಸನವನ್ನು ಹತ್ತಿರದಿಂದ ನೋಡಬೇಕು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ 1260ರ ಒಂದು ಶಾಸನವಿದೆ. ಬಸವಣ್ಣನವರ ಕಾಲ ಕಳೆದು ನೂರು ವರ್ಷದೊಳಗೇ ಕಲ್ಲಿನಲ್ಲಿ ಕೊರೆದ ಆ ಬರಹ ಬಾಗೇವಾಡಿಯ ಮಾದಿರಾಜನ ಮಗ ಬಸವರಾಜನನ್ನು ನೆನೆಯುತ್ತದೆ. ಬಸವರಾಜ ಎಂಬ ರೂಪ ಇತ್ತೀಚಿನ ಅಲಂಕಾರವೆಂದು ತಿಳಿದವರು ಅನೇಕರಿದ್ದಾರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಶಾಸನ ಆ ತಿಳಿವಳಿಕೆಯನ್ನು ತಿದ್ದುತ್ತದೆ. ಅಲ್ಲಿನ 'ರಾಜ' ಸಿಂಹಾಸನದ ರಾಜನಲ್ಲ. ಅರಮನೆಯ ಅಧಿಕಾರಸ್ಥರ ಹೆಸರಿಗೆ ಹಚ್ಚುತ್ತಿದ್ದ ಗೌರವದ ಮಾತು. ತಂದೆಯನ್ನು ಒಂದು ಕಡೆ ಮಾದರಸ ಎಂದೂ ಇನ್ನೊಂದು ಕಡೆ ಮಾದಿರಾಜ ಎಂದೂ ಕರೆದಿರುವುದನ್ನು ಗಮನಿಸಿದರೆ ಅರಸ, ರಾಜ ಎರಡೂ ಒಂದೇ ಕೆಲಸ ಮಾಡುತ್ತಿದ್ದುದು ತಿಳಿಯುತ್ತದೆ. ಶರಣರು ತಮ್ಮ ವಚನಗಳಲ್ಲಿ ಆ ಅಧಿಕಾರದ ಬಾಲವನ್ನು ಬದಿಗಿಟ್ಟು ಬಸವ, ಬಸವಯ್ಯ, ಬಸವಣ್ಣ, ಸಂಗನಬಸವಣ್ಣ ಎಂದೇ ಹೆಚ್ಚಾಗಿ ಕರೆದರು. ಅಪ್ಪ, ಅಣ್ಣ, ಅಯ್ಯ ಎಂಬ ಮನೆಯ ಮಾತುಗಳು ರಾಜ ಎಂಬ ಆಸ್ಥಾನದ ಮಾತಿಗಿಂತ ಅವರಿಗೆ ಹತ್ತಿರವಾಗಿದ್ದವು. ಕೆಲವರು ಬ, ಸ, ವ ಎಂಬ ಮೂರು ಅಕ್ಷರಗಳನ್ನೇ ಬಿಡಿಸಿ ಒಂದೊಂದಕ್ಕೂ ಅನುಭಾವದ ಅರ್ಥ ಹೇಳಿದರು. ಹೆಸರು ಹೀಗೆ ಮಂತ್ರದ ಸ್ಥಾನಕ್ಕೆ ಏರಿದ ಮೇಲೆ ಅದನ್ನು ಮಕ್ಕಳಿಗೆ ಇಡುವುದು ಪುಣ್ಯದ ಕೆಲಸವಾಯಿತು. ಅಕ್ಕ ನಾಗಮ್ಮನ ಮಗ, ಸೋದರಮಾವನ ಹೆಸರನ್ನೇ ಹೊತ್ತ ಚನ್ನಬಸವಣ್ಣ, ಆ ಸಾಲಿನಲ್ಲಿ ನಮಗೆ ಕಾಣುವ ಮೊದಲಿಗ.

ಅಲ್ಲಿಂದ ಮುಂದೆ ಹೆಸರು ಹರಡಿದ್ದು ಕಾವ್ಯಗಳ ಬೆನ್ನೇರಿ. ಹರಿಹರ ಕನ್ನಡದಲ್ಲಿ ಬಸವಣ್ಣನವರ ಬದುಕನ್ನು ರಗಳೆಯಲ್ಲಿ ಹಾಡಿದ. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನ ದ್ವಿಪದಿಯಲ್ಲಿ ಬಸವಪುರಾಣ ಬರೆದ. ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಕನ್ನಡ ಷಟ್ಪದಿಯಲ್ಲಿ ಬರೆದ. ತೆಲುಗು ನಾಡಿನಲ್ಲಿ ಬಸವಯ್ಯ, ಬಸವರಾಜು, ಬಸವಪುನ್ನಯ್ಯ ಎಂಬ ಹೆಸರುಗಳಿರುವುದಕ್ಕೆ ಸೋಮನಾಥನ ಕೃತಿಯ ಪ್ರಭಾವವೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಕಮ್ಯುನಿಸ್ಟ್ ಚಳವಳಿಯ ದೊಡ್ಡ ನಾಯಕರಾಗಿದ್ದ ಮಾಕಿನೇನಿ ಬಸವಪುನ್ನಯ್ಯನವರಿಗೂ, ಹೈದರಾಬಾದಿನ ಪ್ರಸಿದ್ಧ ಕ್ಯಾನ್ಸರ್ ಆಸ್ಪತ್ರೆಗೆ ತಮ್ಮ ಹೆಸರನ್ನು ಕೊಟ್ಟ ಬಸವತಾರಕಂ ಅವರಿಗೂ ಮೂಲಪದ ಒಂದೇ.

ಇದಕ್ಕಿಂತ ಸೊಗಸಾದ ತಿರುವು 17ನೆಯ ಶತಮಾನದಲ್ಲಿದೆ. ಷಡಕ್ಷರದೇವ 1677ರಲ್ಲಿ ಬಸವಣ್ಣನವರ ಚರಿತ್ರೆಯನ್ನು ಚಂಪೂ ಕಾವ್ಯವಾಗಿ ಬರೆದಾಗ ಅದಕ್ಕೆ ವೃಷಭೇಂದ್ರ ವಿಜಯ ಎಂದು ಹೆಸರಿಟ್ಟ. ಬಸವರಾಜ ಎಂಬುದನ್ನು ಸಂಸ್ಕೃತಕ್ಕೆ ತಿರುಗಿಸಿದರೆ ಬರುವುದು ವೃಷಭೇಂದ್ರ. ಸಾವಿರಾರು ವರ್ಷ ಜನರ ನಾಲಿಗೆಯ ಮೇಲೆ ಉರುಳಿ ನುಣ್ಣಗಾದ ಕಲ್ಲನ್ನು ಪಂಡಿತರು ಮತ್ತೆ ಬೆಟ್ಟಕ್ಕೆ ಹೊತ್ತೊಯ್ದಂತೆ ಇದು. ವೃಷಭೇಂದ್ರ ಎಂಬ ಹೆಸರು ಆ ಮೇಲೆ ಕೆಲವು ಮನೆತನಗಳಲ್ಲಿ ನಿಂತಿತು. ಆದರೆ ಊರ ಜನ ಬಸವನನ್ನು ಬಿಟ್ಟುಕೊಡಲಿಲ್ಲ. ಕೆಳದಿಯ ಅರಸರಲ್ಲಿ ಚೆನ್ನಮ್ಮಾಜಿ ದತ್ತು ತೆಗೆದುಕೊಂಡ ಬಸವಪ್ಪ ನಾಯಕ ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರ ಎಂಬ ವಿಶ್ವಕೋಶದಂತಹ ಗ್ರಂಥವನ್ನು ರಚಿಸಿದ ವಿದ್ವಾಂಸ. ಗ್ರಂಥ ಸಂಸ್ಕೃತದ್ದಾದರೂ ಅವನ ಹೆಸರು ಬಸವಪ್ಪ ಎಂಬ ತದ್ಭವವೇ.

ಈಗ ರೂಪಗಳ ಮಾತು. ಈ ಹೆಸರಿನಷ್ಟು ಕವಲೊಡೆದ ಇನ್ನೊಂದು ಕನ್ನಡದ ಹೆಸರನ್ನು ನಾನು ಕಂಡಿಲ್ಲ. ಬಸವಪ್ಪ ಎಂಬುದು ಮಾತಿನ ವೇಗಕ್ಕೆ ಬಸಪ್ಪನಾಯಿತು, ಬಸವನಗೌಡ ಬಸನಗೌಡನಾದ, ಬಸವಯ್ಯ ಬಸಯ್ಯನಾದ, ಬಸವಲಿಂಗ ಬಸಲಿಂಗನಾದ. ಉತ್ತರದಲ್ಲಿ ಬಸವರಾಜ, ಹಳೆಯ ಮೈಸೂರಿನಲ್ಲಿ ಬಸವರಾಜು. ಉತ್ತರದಲ್ಲಿ ಬಸನಗೌಡ, ಮಂಡ್ಯ ಮೈಸೂರಿನ ಕಡೆ ಬಸವೇಗೌಡ. ಬಸವನ ಮುಂದೆ ಸೇರುವ ಪದಗಳಂತೂ ಊರಿನ ಗುರುತು ಹೇಳುತ್ತವೆ. ಶರಣಬಸಪ್ಪ ಎಂಬ ಹೆಸರು ಕೇಳಿದರೆ ಆತನ ಹಿರಿಯರು ಕಲಬುರಗಿಯ ಕಡೆಯವರೆಂದು ಮುಕ್ಕಾಲು ಪಾಲು ಧೈರ್ಯವಾಗಿ ಹೇಳಬಹುದು. 1822ರಲ್ಲಿ ಲಿಂಗೈಕ್ಯರಾದ, ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಗುಡಿ ಅಲ್ಲಿದೆ. ಕರಿಬಸಪ್ಪ ಎಂದರೆ ತುಂಗಭದ್ರೆಯ ದಡದ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ನಡೆದುಕೊಳ್ಳುವ ಮನೆತನ. ದೊಡ್ಡಬಸಪ್ಪ ಎಂದರೆ ಬಳ್ಳಾರಿ ಸೀಮೆ. ಕುರುಗೋಡಿನ ಎತ್ತರದ ಕಲ್ಲಿನ ಬಸವನನ್ನು ನೋಡಿದವರಿಗೆ 'ದೊಡ್ಡ' ಎಂಬ ಮಾತಿನ ಅರ್ಥ ಹೇಳಬೇಕಾಗಿಲ್ಲ. ಚನ್ನಬಸವ ಎಂದಾಗ ಚನ್ನಬಸವಣ್ಣನವರ ಸಮಾಧಿ ಇರುವ ಕಾಡಿನ ನಡುವಿನ ಉಳವಿ ನೆನಪಾಗುತ್ತದೆ. ಬೇಸಿಗೆಯ ಬಿಸಿಲೇರುವ ಮೊದಲು ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಕಡೆಯ ರೈತರು, ಹಿಂದಿರುಗಿದ ವರ್ಷ ಹುಟ್ಟಿದ ಮಗನಿಗೆ ತಪ್ಪದೆ ಆ ಹೆಸರಿಡುತ್ತಿದ್ದರು. ಹೀಗೆ ಹೆಸರಿನ ಮುಂದಿರುವ ಎರಡು ಮೂರು ಅಕ್ಷರ ಒಂದು ಕುಟುಂಬ ಯಾವ ಗುಡಿಗೆ ಹರಕೆ ಹೊತ್ತಿತ್ತು ಎಂಬುದನ್ನು ಮೂರು ತಲೆಮಾರಿನ ನಂತರವೂ ಹೇಳುತ್ತದೆ.

ಇದು ಒಂದು ಸಮುದಾಯದ ಹೆಸರು ಮಾತ್ರ ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಲಿಂಗಾಯತರಲ್ಲಿ ಇದು ಹೆಚ್ಚು ಎಂಬುದು ನಿಜ. ಆದರೆ ಒಕ್ಕಲಿಗರಲ್ಲಿ, ಕುರುಬರಲ್ಲಿ, ಬೇಡರಲ್ಲಿ, ದಲಿತರಲ್ಲಿ ಬಸವಯ್ಯ, ಬಸವೇಗೌಡ, ಬಸಪ್ಪ, ಬಸಮ್ಮ ಎಂಬ ಹೆಸರುಗಳು ತಲೆತಲಾಂತರದಿಂದ ಇವೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ, ಅಂದರೆ ದನದ ಹೊಟ್ಟು, ಎಂಬ ಮಾತಿನಿಂದ ಕನ್ನಡ ನಾಡನ್ನೇ ಅಲುಗಿಸಿದ ದಲಿತ ನಾಯಕರ ಹೆಸರು ಬಿ. ಬಸವಲಿಂಗಪ್ಪ. ಎತ್ತು ಎಲ್ಲ ಜಾತಿಯ ಅಂಗಳದಲ್ಲೂ ಇತ್ತು, ಬಸವಣ್ಣನವರ ಮಾತು ಎಲ್ಲರಿಗಾಗಿ ಇತ್ತು. ಹೆಸರು ಒಂದೇ ಮನೆಯಲ್ಲಿ ನಿಲ್ಲಲು ಕಾರಣವೇ ಇರಲಿಲ್ಲ.

ಹೆಣ್ಣುಮಕ್ಕಳ ಹೆಸರಿನಲ್ಲಿ ಇದು ಸೇರಿದ್ದು ಇನ್ನೂ ವಿಶೇಷ. ಗೂಳಿ ಎಂಬ ಅರ್ಥದ ಪದ ಬಸವ್ವ, ಬಸಮ್ಮ, ಬಸಲಿಂಗವ್ವ, ಬಸವರಾಜೇಶ್ವರಿ ಎಂದಾದದ್ದು ಏಕೆ ಎಂದು ಕೇಳಿದರೆ, ಹೆಸರಿಡುವವರ ಮನಸ್ಸಿನಲ್ಲಿ ಆ ಹೊತ್ತಿಗೆ ಪ್ರಾಣಿಗಿಂತ ಗುರು ಮುಂದೆ ನಿಂತಿದ್ದ ಎಂಬುದೇ ಉತ್ತರ. ಆದರೆ ಇದೇ ಪದದ ಇನ್ನೊಂದು ಹೆಣ್ಣುರೂಪವನ್ನು ಹೇಳದೆ ದಾಟಿದರೆ ನಾನು ಸತ್ಯವನ್ನು ಅರ್ಧ ಹೇಳಿದಂತಾಗುತ್ತದೆ. ದೇವರಿಗೆಂದು ಹೋರಿಯನ್ನು ಬಿಟ್ಟಂತೆ ಬಡಮನೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು ಬಸವಿ ಎಂದು ಕರೆದ ಪದ್ಧತಿ ನಮ್ಮ ಜಿಲ್ಲೆಗಳಲ್ಲಿ ಇತ್ತು. ಹೋರಿಗೆ ಆ ಬಿಡುಗಡೆ ಗೌರವವಾದರೆ, ಆ ಹೆಣ್ಣುಮಕ್ಕಳಿಗೆ ಅದು ಬಾಳಿಡೀ ಬಿಡಿಸಿಕೊಳ್ಳಲಾಗದ ಕಟ್ಟಾಯಿತು. 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ ಮಾಡಿತು. ಎಲ್ಲರನ್ನೂ ಸಮವೆಂದ ಮಹನೀಯರ ಹೆಸರಿನ ಪಕ್ಕದಲ್ಲೇ ಅದೇ ಪದದಿಂದ ಹುಟ್ಟಿದ ಇಂತಹ ಮಾತು ಇತ್ತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

20ನೆಯ ಶತಮಾನಕ್ಕೆ ಬರೋಣ. 1913ರಲ್ಲಿ ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಆರಂಭಿಸಿದರು. 1923ರಲ್ಲಿ ಫ.ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಹಳಕಟ್ಟಿಯವರ ಹೆಸರಿನ ಮುಂದಿರುವ ಎರಡು ಅಕ್ಷರಗಳನ್ನು ಬಿಡಿಸಿ ನೋಡಿದವರು ಕಡಿಮೆ. ಫ ಎಂದರೆ ಫಕೀರಪ್ಪ, ಗು ಎಂದರೆ ಗುರುಬಸಪ್ಪ, ಅಂದರೆ ಅವರ ತಂದೆ. ಮನೆ ಮನೆ ಅಲೆದು ಓಲೆಗರಿ ಕೂಡಿಸಿ, ಸ್ವಂತ ಮನೆ ಮಾರಿ ವಚನಗಳನ್ನು ಅಚ್ಚು ಹಾಕಿಸಿದವರು ತಮ್ಮ ಹೆಸರಿನ ಎರಡನೆಯ ಅಕ್ಷರದಲ್ಲಿ ಬಸವನನ್ನು ಹೊತ್ತೇ ನಡೆದಿದ್ದರು. ಇನ್ನೊಬ್ಬರು ಜಮಖಂಡಿಯ ಕಡೆಯ ಬಿ.ಡಿ. ಜತ್ತಿ. ಬಿ ಎಂದರೆ ಬಸಪ್ಪ. ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಹೊಣೆಯನ್ನೂ ಹೊತ್ತರು. 1964ರಲ್ಲಿ ಬಸವ ಸಮಿತಿಯನ್ನು ಕಟ್ಟಿದವರೂ ಅವರೇ. ಆದರೆ ದಿಲ್ಲಿಯ ಪತ್ರಿಕೆಗಳಲ್ಲಿ ಬಸಪ್ಪ ಎಂಬುದು ಒಂದು ಇಂಗ್ಲಿಷ್ ಅಕ್ಷರದ ಹಿಂದೆ ಮರೆಯಾಗಿತ್ತು.

ಬಸಪ್ಪನಿಂದ ಬಸವರಾಜನತ್ತ ನಡಿಗೆ ಇದೇ ಕಾಲದ್ದು. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದವರು 1843ರಲ್ಲಿ ಹುಟ್ಟಿದ ಬಸವಪ್ಪ ಶಾಸ್ತ್ರಿಗಳು. 1912ರಲ್ಲಿ ಹುಟ್ಟಿದ ಜತ್ತಿಯವರು ಬಸಪ್ಪ. ಅದೇ ದಶಕದಲ್ಲಿ ಹುಟ್ಟಿದ ಗಾಯಕ ರಾಜಗುರು, ಕಾದಂಬರಿಕಾರ ಕಟ್ಟೀಮನಿ ಇಬ್ಬರೂ ಬಸವರಾಜರು. ಮೂರು ನಾಲ್ಕು ಹೆಸರಿನಿಂದ ನಿಯಮ ಕಟ್ಟಲಾಗದು. ಆದರೆ ನನ್ನ ಅಜ್ಜ ಬಸಪ್ಪನಾಗಿದ್ದು ಅದೇ ಹೆಸರು ನನಗೆ ಬರುವಾಗ ಬಸವರಾಜನಾದದ್ದೂ ಇದೇ ಹರಿವಿನಲ್ಲಿ. ಶಾಲೆ ಕಲಿತ ತಂದೆತಾಯಿಗಳಿಗೆ 'ಅಪ್ಪ' ಎಂಬ ಬಾಲ ಹಳ್ಳಿಯದೆನಿಸಿತು, 'ರಾಜ' ಎಂಬುದು ಪಾಟಿಯ ಮೇಲೆ ಬರೆಯಲು ಗಂಭೀರವೆನಿಸಿತು. ಶಾಸನದಲ್ಲಿ ಮಲಗಿದ್ದ ರೂಪವೊಂದು ಏಳು ನೂರು ವರ್ಷದ ನಂತರ ಹೊಸದರಂತೆ ಎದ್ದು ಬಂತು, ನಮ್ಮ ಹಾಜರಿ ಪುಸ್ತಕಗಳನ್ನು ತುಂಬಿತು. 2021ರಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದಾಗ ಆ ತಲೆಮಾರಿನ ಹೆಸರು ವಿಧಾನಸೌಧದ ಫಲಕದ ಮೇಲೆ ಪೂರ್ಣವಾಗಿ ಬಂತು.

ಇಂಗ್ಲಿಷ್ ಬರಹ ಈ ಹೆಸರಿಗೆ ಕೊಟ್ಟ ಕಷ್ಟ ಸಣ್ಣದಲ್ಲ. ನಡುವಿನ ವಕಾರವನ್ನು ಧಾರವಾಡದವರು 'ವಿ' ಅಕ್ಷರದಲ್ಲಿ ಬರೆದರೆ, ಉರ್ದು ಆಡಳಿತವಿದ್ದ ಕಲಬುರಗಿ ಬೀದರಿನ ಕಡೆ 'ಡಬ್ಲ್ಯು' ಬಳಸುತ್ತಾರೆ. ಕೆಲವರು ಸಕಾರದ ಮುಂದಿನ ಸ್ವರವನ್ನೇ ನುಂಗಿ ಬಸ್ವರಾಜ್ ಮಾಡುತ್ತಾರೆ. ನನ್ನ ತಂದೆ ಹೊಲದ ಪಹಣಿಯಲ್ಲಿ ಬಸಪ್ಪನ ಮಗ, ಪಡಿತರ ಚೀಟಿಯಲ್ಲಿ ಬಸವಪ್ಪನ ಮಗ. ಈ ಇಬ್ಬರೂ ಒಬ್ಬನೇ ಎಂದು ಒಂದು ಕಚೇರಿಯವರನ್ನು ಒಪ್ಪಿಸಲು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ, ಇಬ್ಬರು ಸಾಕ್ಷಿಗಳನ್ನು ಕರೆದೊಯ್ದು, ನಾಲ್ಕು ತಿಂಗಳು ಓಡಾಡಿದ್ದೇನೆ. ಕನ್ನಡ ಕಿವಿಗೆ ಬಸಪ್ಪ ಬಸವಪ್ಪ ಎರಡಲ್ಲ, ಗಣಕಯಂತ್ರಕ್ಕೆ ಎರಡು. ಇಂತಹ ಓಡಾಟದಿಂದ ಬೇಸತ್ತು ಮಕ್ಕಳಿಗೆ ಎರಡೇ ಅಕ್ಷರದ ಹೆಸರಿಟ್ಟ ತಂದೆಯರನ್ನು ನಾನು ಬಲ್ಲೆ.

ಹೆಸರು ಕಡಿಮೆಯಾಗಲು ಇದೊಂದೇ ಕಾರಣವಲ್ಲ. ಸತ್ತ ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಸಡಿಲವಾಯಿತು. ಪುಸ್ತಕ ನೋಡಿ, ಮೊಬೈಲ್ ನೋಡಿ ಊರಿನಲ್ಲಿ ಯಾರಿಗೂ ಇಲ್ಲದ ಹೆಸರನ್ನು ಹುಡುಕುವುದು ಆಸೆಯಾಯಿತು. ಮೊದಲು ಹೆಸರು ಮನೆತನದ ಸೊತ್ತಾಗಿತ್ತು, ಈಗ ಮಗುವಿನ ಗುರುತು. ಒಂದೇ ಓಣಿಯಲ್ಲಿ ಹತ್ತು ಬಸವರಾಜರಿದ್ದದ್ದು ಅಂದಿನವರಿಗೆ ಕೊರತೆಯಾಗಿ ಕಂಡಿರಲಿಲ್ಲ, ಅಡ್ಡಹೆಸರು ಅದನ್ನು ನಿಭಾಯಿಸುತ್ತಿತ್ತು. ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಕಾರಣ ಬೇರೆ. ನಮ್ಮ ಅಂಗಳದಿಂದ ಎತ್ತುಗಳು ಹೋದವು. ಕಾರಹುಣ್ಣಿಮೆಯ ದಿನ ಕೊಂಬಿಗೆ ಬಣ್ಣ ಬಳಿದು, ಮಣ್ಣೆತ್ತಿನ ಅಮಾವಾಸ್ಯೆಯ ದಿನ ಜೋಡಿ ಬಸವಣ್ಣರನ್ನು ಕೈಯಾರೆ ಮಾಡಿ ಜಗಲಿಯ ಮೇಲೆ ಕೂರಿಸುತ್ತಿದ್ದ ಮನೆಗಳಲ್ಲಿ ಈಗ ಟ್ರ್ಯಾಕ್ಟರ್ ನಿಂತಿದೆ; ಮಣ್ಣಿನ ಜೋಡಿ ಪೇಟೆಯಿಂದ ಬರುತ್ತದೆ. ಎತ್ತಿನ ಮೈ ತಿಕ್ಕಿ ಬೆಳೆದ ಹುಡುಗನಿಗೆ ಬಸವ ಎಂಬ ಹೆಸರಿನಲ್ಲಿ ಒಂದು ಮೈಬಿಸಿ ಸಿಗುತ್ತಿತ್ತು. ಅದನ್ನು ಕಾಣದ ಹುಡುಗನಿಗೆ ಅದು ಸಹಪಾಠಿಗಳ ಕುಚೋದ್ಯಕ್ಕೆ ಸಿಗುವ ಪದವಾಗಿಬಿಡುತ್ತದೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನನ್ನು ಕೋಲೆ ಬಸವ ಎನ್ನುವ ಮಾತು ಹೇಗೂ ಇದೆ.

ನಿವೃತ್ತಿಯ ವರ್ಷದ ಆ ತರಗತಿಯಲ್ಲಿ ಒಬ್ಬ ಋಷಭನಿದ್ದ. ಅಜ್ಜನ ಹೆಸರು ಬಸಪ್ಪ ಎಂದು ಅವನೇ ಹೇಳಿದ. ಜೈನರ ಮೊದಲ ತೀರ್ಥಂಕರರ ಹೆಸರೂ, ಸಂಗೀತದ 'ರಿ' ಸ್ವರದ ಹೆಸರೂ ಆದ ಋಷಭ ಎಂಬ ಪದಕ್ಕೂ ಅರ್ಥ ಗೂಳಿಯೇ. ತೀರ್ಥಂಕರರ ಲಾಂಛನವೂ ಗೂಳಿಯೇ. ಹಳೆಯದೆಂದು ಬಿಟ್ಟ ಹೆಸರೂ ಹೊಸದೆಂದು ಆರಿಸಿದ ಹೆಸರೂ ಒಂದೇ ಕೊಟ್ಟಿಗೆಯಲ್ಲಿದ್ದವು. ನಾನು ಅದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಆ ಹುಡುಗ ಸಂಜೆ ಮನೆಗೆ ಹೋಗಿ ಅಜ್ಜನಿಗೆ ಹೇಳಿದನಂತೆ. ಮರುದಿನ ಅಜ್ಜ ಶಾಲೆಯ ತನಕ ನಡೆದು ಬಂದು, ಪಟಕಾ ಸರಿಪಡಿಸಿಕೊಂಡು, 'ಹಂಗಾದ್ರ ನನ್ನ ಹೆಸರs ಇಟ್ಟಾರ ಅಂದಂಗಾತು' ಎಂದು ಕಣ್ಣು ತುಂಬಿಕೊಂಡರು.

ಇನ್ನೊಂದು ಕಡೆಯಿಂದ ಹೆಸರು ಬೇರೆ ವೇಷದಲ್ಲಿ ಮರಳುತ್ತಲೂ ಇದೆ. ಬಸವಪ್ರಭು, ಬಸವಕಿರಣ, ಬಸವಚೇತನ, ಹೆಣ್ಣುಮಕ್ಕಳಿಗೆ ಬಸವಶ್ರೀ, ಬಸವಜ್ಯೋತಿ. 2003ರಲ್ಲಿ ಸಂಸತ್ ಭವನದ ಆವರಣದಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು, 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ನಿಂತಿತು, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅವರನ್ನು ನಾಡಿನ ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಈ ಹೊಸ ಹೆಸರುಗಳಲ್ಲಿ ಎತ್ತು ಇಲ್ಲ, ಗುರು ಮಾತ್ರ ಇದ್ದಾರೆ. ಎರಡೂ ಇದ್ದ ಹೆಸರನ್ನು ಬಲ್ಲ ನನಗೆ ಇದು ಅರ್ಧ ಸಂತೋಷ.

ಕಳೆದ ವರ್ಷ ನನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದೆವು. ಅಪ್ಪ, ರಾಜ, ಕಿರಣ ಯಾವುದೂ ಇಲ್ಲದೆ ಬಸವ ಎಂದಷ್ಟೇ ಇಡುವುದೆಂದು ಮಗ ಸೊಸೆ ಮೊದಲೇ ನಿಶ್ಚಯಿಸಿದ್ದರು. ಮನೆಯ ಹಿರಿಯ ಹೆಂಗಸೊಬ್ಬರು, ಅಜ್ಜ ಬದುಕಿರುವಾಗಲೇ ಅವರ ಹೆಸರಿಡಬಾರದು ಎಂದು ಅಡ್ಡಿ ತೆಗೆದರು. ಸೊಸೆ ಮೆಲ್ಲಗೆ, 'ಇದು ಮಾವನವರ ಹೆಸರಲ್ಲ ಅತ್ತೀ, ಬಸವಣ್ಣನವರ ಹೆಸರು' ಎಂದಳು. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರಿದಳು, ಸುತ್ತಲಿದ್ದ ಹೆಣ್ಣುಮಕ್ಕಳು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಅಂದು ಸಂಜೆ ನಾನು ಪಡಸಾಲೆಯಲ್ಲಿ ಕೂತಿದ್ದಾಗ ಒಳಗಿನಿಂದ ಸೊಸೆ ಮಗುವನ್ನು 'ಬಸವಾ, ಬಸವಾ' ಎಂದು ಗಟ್ಟಿಯಾಗಿ ಕರೆಯುತ್ತಿದ್ದಳು. ನನ್ನ ಅವ್ವ ಒಮ್ಮೆಯೂ ಬಾಯಿಬಿಟ್ಟು ಹೇಳಲಾಗದ ಆ ಮೂರಕ್ಷರ ಮನೆಯ ತುಂಬ ಕೇಳುತ್ತಿತ್ತು.